ಲೆಕ್ಕ ನಿಲ್ಲಿಸಿದರೆ ನಷ್ಟ ನಿಲ್ಲುತ್ತದಾ?

ನಮಸ್ಕಾರ, ಕಾಸರಗೋಡಿನಿಂದ ಮಾತಾಡುತ್ತಿದ್ದೇನೆ. ಕಳೆದ ಎಪಿಸೋಡಿಗೆ ಒಬ್ಬರ ಕಮೆಂಟು ಬಂದಿದೆ. ‘ಅಮೆರಿಕದ ಯಾವನೋ ಗುಮಾಸ್ತ ಕೆಲಸ ಬಿಟ್ಟರೆ ನಿನಗೇನು? ಅಡಿಕೆ ರೇಟ್ ಹೇಳು ಮಾರಾಯ.’ ರೇಟ್ ಆಮೇಲೆ. ಮೊದಲು ಗುಮಾಸ್ತರ ಕಥೆ ಕೇಳಿ.

ಹೆಸರು ಆಡಂ ಸ್ಮಿತ್. ಅಲ್ಲಿನ ಸರಕಾರಿ ಹವಾಮಾನ ಸಂಸ್ಥೆ ನೋವಾದಲ್ಲಿ ವಿಜ್ಞಾನಿ ಆಗಿದ್ದವರು. ನೂರು ಕೋಟಿ ಡಾಲರ್ ಮತ್ತು ಅದಕ್ಕಿಂತ ಜಾಸ್ತಿ ಹಾನಿ ಮಾಡಿದ ಚಂಡಮಾರುತ, ನೆರೆ, ಬರ, ಕಾಡ್ಗಿಚ್ಚು, ಇದೆಲ್ಲದರ ಪಟ್ಟಿ ನೋಡಿಕೊಳ್ಳುವುದು ಅವರ ಕೆಲಸ. ಇನ್ಶೂರೆನ್ಸ್ ಕ್ಲೇಮು, ಬೆಳೆವಿಮೆ, ವಿಮೆಯೇ ಇಲ್ಲದವರ ನಷ್ಟ, ಎಲ್ಲ ಹುಡುಕಿ ಕೂಡಿಸಿ, ಹಳೇ ಡಾಲರನ್ನು ಇವತ್ತಿನ ಬೆಲೆಗೆ ತಂದು ಬರೆದಿಡಬೇಕು. 1980ರಿಂದ 2024ರವರೆಗೆ 403 ದುರಂತ. 80ರ ದಶಕದಲ್ಲಿ ವರ್ಷಕ್ಕೆ ಸರಾಸರಿ ಮೂರು ಚಿಲ್ಲರೆ ಇದ್ದದ್ದು 2023ರಲ್ಲಿ 28! ಅವರ ಆಫೀಸು ಇದ್ದ ಆ್ಯಶ್‌ವಿಲ್ ಊರೇ 2024ರಲ್ಲಿ ಹೆಲೀನ್ ಚಂಡಮಾರುತಕ್ಕೆ ಸಿಕ್ಕಿತು. ಅದೂ ಪಟ್ಟಿಗೆ ಸೇರಿತು.

2025ರ ಮೇ ತಿಂಗಳಲ್ಲಿ ಆದ್ಯತೆ ಬದಲಾಗಿದೆ ಅಂತ ಹೇಳಿ ನೋವಾ ಪಟ್ಟಿಯನ್ನೇ ನಿಲ್ಲಿಸಿತು. ಅಂಗಡಿಯ ಕಡದ ಪುಸ್ತಕ ಒಲೆಗೆ ಹಾಕಿದರೆ ಸಾಲ ತೀರುತ್ತದಾ?

ನಮ್ಮಲ್ಲೂ ಅಷ್ಟೇ. ಮಧೂರಿನಲ್ಲಿ ಮಧುವಾಹಿನಿ ಹೊಳೆ ದೇವಸ್ಥಾನದ ಒಳಗೇ ಬರುತ್ತದೆ, ಉಪ್ಪಳ ಮುಸೋಡಿಯಲ್ಲಿ ಕಡಲು ಮನೆ ತಿನ್ನುತ್ತದೆ, ನಾವು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತೇವೆ, ಮುಗಿಯಿತು. 2018ರ ಕೇರಳದ ನೆರೆ ಆದಮೇಲೆ ಮನೆ ಎಷ್ಟು, ರಸ್ತೆ ಎಷ್ಟು ಅಂತ ಕೂತು ಲೆಕ್ಕ ಹಾಕಿದ್ದಕ್ಕೆ ತಾನೇ ಸುಮಾರು 31,000 ಕೋಟಿ ರೂಪಾಯಿ ಬೇಕು ಅಂತ ಕೇಳಲು ಬಾಯಿ ಬಂದದ್ದು? ಲೆಕ್ಕ ಇಲ್ಲದವನಿಗೆ ಪರಿಹಾರ ಕೊಡುವವರು ಯಾರು? ನಿಮ್ಮ ಮಾವನಾ?

ಅಂದಹಾಗೆ, ನನ್ನ ಭಾವ ಹಲಸಿನ ಹಪ್ಪಳ ಮಾಡುತ್ತಾರೆ. ಲಿಂಕ್ ಕೆಳಗಿದೆ. ಚಾನೆಲ್ ಹೆಸರು ಹೇಳಿದರೆ ಹತ್ತು ರೂಪಾಯಿ ಕಮ್ಮಿ.

ಇನ್ನು ಕೆಲವರು ಓದಿಕೊಂಡವರು. ‘ಬಿರುಗಾಳಿ ಜಾಸ್ತಿ ಆದದ್ದಲ್ಲ ಸ್ವಾಮಿ, ಅಪಾಯದ ಜಾಗದಲ್ಲಿ ಮನೆ ಜಾಸ್ತಿ ಆದದ್ದು, ಪಟ್ಟಿಯಲ್ಲಿ ಅದನ್ನು ಸರಿಪಡಿಸಿಲ್ಲ.’ ಆಯ್ತಪ್ಪಾ, ಇರಲಿ! ಅದನ್ನು ತಿಳಿಯಲಿಕ್ಕೂ ಪಟ್ಟಿ ಬೇಕಲ್ವಾ? ಪುಸ್ತಕ ಹರಿದು ಲೆಕ್ಕ ತಿದ್ದುತ್ತೀರಾ?

ಸ್ಮಿತ್ ಸುಮ್ನೆ ಕೂರಲಿಲ್ಲ. ಸರಕಾರ ಬಿಟ್ಟು ಕ್ಲೈಮೇಟ್ ಸೆಂಟ್ರಲ್ ಅನ್ನುವ ಸಂಸ್ಥೆ ಸೇರಿ ಅದೇ ಪಟ್ಟಿ ಮತ್ತೆ ಶುರು ಮಾಡಿದರು. 2025ರ ಮೊದಲ ಆರು ತಿಂಗಳಲ್ಲೇ 14 ದುರಂತ, 10,140 ಕೋಟಿ ಡಾಲರ್. ಪಟ್ಟಿ ನಿಲ್ಲಿಸಿದ್ದಕ್ಕೆ ಹೆದರಿ ಒಂದು ಗಾಳಿಯಾದರೂ ನಿಂತಿತಾ? ಇಲ್ಲ! ಬರೆಯಲೇಬೇಕು ಅಂದರೆ ಬರೆಯಲೇಬೇಕು, ಮತ್ತೆ ಕಾರಣ ಕೇಳಬೇಡಿ, ನನಗೆ ಬಿಪಿ ಏರುತ್ತದೆ.

ಈ ಮಳೆಗೆ ನಿಮ್ಮ ತೋಟದಲ್ಲಿ ಎಷ್ಟು ಕಂಗು ಬಿತ್ತು, ಕೊಳೆರೋಗಕ್ಕೆ ಎಷ್ಟು ಉದುರಿತು, ಕಮೆಂಟಿನಲ್ಲಿ ಹಾಕಿ. ಊರಿನ ಹೆಸರು, ತಾರೀಕು ಸಮೇತ. ಕನ್ನಡದಲ್ಲೇ ಬರೆಯಿರಿ, ಇಲ್ಲಿ ಮಲಯಾಳ ಫಾರ್ಮು ತುಂಬಬೇಕಾಗಿಲ್ಲ. ಆ ಗುಮಾಸ್ತ ಅಂದವರೂ ಬರೆಯಿರಿ. ಲೈಕ್ ಮರೆಯಬೇಡಿ.