ಹಕ್ಕಿಯ ಹಿಂದೆ ಹೋಗಬೇಡಿ, ಕುಳಿತುಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಒಂದು ಚಿತ್ರವನ್ನೂ ತೋರಿಸಲಾಗದ ಬಾನುಲಿಯಲ್ಲಿ ಹಕ್ಕಿಗಳ ಚಿತ್ರ ತೆಗೆಯುವುದರ ಬಗ್ಗೆ ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನನಗೆ ನಗು ಬಂದದ್ದು ನಿಜ. ಆದರೆ ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ, ಅದಕ್ಕೆ ಚಿತ್ರದ ಅಗತ್ಯವೂ ಇಲ್ಲ. ಹಕ್ಕಿಯ ಹಿಂದೆ ಹೋಗಬೇಡಿ, ಒಂದೆಡೆ ಕುಳಿತುಕೊಳ್ಳಿ. ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ, ರಜೆಯ ದಿನ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಡುವ ಹವ್ಯಾಸಿ. ಈ ಹವ್ಯಾಸದ ಮೊದಲ ಮೂರು ವರ್ಷಗಳನ್ನು ಬರೀ ಓಡಾಟದಲ್ಲಿ ಕಳೆದವನು. ಹೊಸದಾಗಿ ಕ್ಯಾಮೆರಾ ಕೊಂಡು, ಬರುವ ಭಾನುವಾರ ಎಲ್ಲಿಗೆ ಹೋಗಲಿ ಎಂದು ಯೋಚಿಸುತ್ತಿರುವವರು ಈ ಮಾತನ್ನು ಕೇಳುತ್ತಿದ್ದಾರೆಂದು ಭಾವಿಸಿದ್ದೇನೆ.

ನನ್ನ ಹವ್ಯಾಸದ ವಿಷಯ ತಿಳಿದವರು ಮೊದಲು ಕೇಳುವ ಪ್ರಶ್ನೆ, 'ಯಾವ ಲೆನ್ಸ್?' ಎಂಬುದು. 'ಯಾವ ಹಕ್ಕಿ?' ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಲೆನ್ಸಿನ ಲೆಕ್ಕ ಬಹಳ ಸುಲಭ. 400 ಮಿಲಿಮೀಟರ್ ಲೆನ್ಸಿನಲ್ಲಿ 20 ಮೀಟರ್ ದೂರದ ಹಕ್ಕಿ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ, 200 ಮಿಲಿಮೀಟರ್ ಲೆನ್ಸಿನಲ್ಲಿ 10 ಮೀಟರ್ ದೂರದ ಹಕ್ಕಿಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಬಿಸಿಲೇರಿದ ಮೇಲಂತೂ ನೆಲದಿಂದೇಳುವ ಕಾವಿಗೆ ಗಾಳಿಯೇ ನಡುಗುವುದರಿಂದ, ದೂರದ ಹಕ್ಕಿ ಎಂಥ ಲೆನ್ಸಿಗೂ ಮಸುಕಾಗಿಯೇ ಸಿಗುತ್ತದೆ. ಹಾಗಾದರೆ ಹತ್ತಿರ ಹೋಗುವುದು ಹೇಗೆ ಎಂದು ನೀವು ಕೇಳಬಹುದು. ಹೋಗುವುದೇ ಬೇಡ ಎನ್ನುತ್ತಿದ್ದೇನೆ. ಎರಡು ಕಾಲಿನ ಮೇಲೆ ನೆಟ್ಟಗೆ ನಡೆದು ಬರುವ ಆಕಾರವನ್ನು ಕಂಡರೆ ಹಕ್ಕಿ ಹಾರುತ್ತದೆ. ಅದೇ ಆಕಾರ ನೆಲದ ಮೇಲೆ ಅಲುಗದೆ ಕುಳಿತಿದ್ದರೆ, ಸ್ವಲ್ಪ ಹೊತ್ತಿನ ನಂತರ ತನ್ನ ಕೆಲಸಕ್ಕೆ ತಾನು ಮರಳುತ್ತದೆ.

ಈ ಬುದ್ಧಿ ನನಗೆ ಬಂದದ್ದು ಕಾಲು ಉಳುಕಿದ್ದರಿಂದ. ಒಂದು ಕೆರೆಯಂಚಿನಲ್ಲಿ ಮಿಂಚುಳ್ಳಿಯೊಂದನ್ನು, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದಾದ ನೀಲಿ ಮಿಂಚುಳ್ಳಿಯನ್ನು, ನಾನು ಒಂದು ತಿಂಗಳು ಅಟ್ಟಿಸಿಕೊಂಡು ತಿರುಗಿದ್ದೆ. ಇನ್ನೇನು ಹತ್ತಿರವಾಯಿತು ಎನ್ನುವಾಗ ಅದು ಚಿರ್‌ ಎಂದು ಕೂಗಿ, ನೀರಿನ ಮೇಲೆ ಗೆರೆ ಎಳೆದಂತೆ ಹಾರಿ, ಮೂವತ್ತು ಮೀಟರ್ ಆಚೆ ಕೂರುತ್ತಿತ್ತು. ನಾನು ಮತ್ತೆ ಹೋಗುವೆ, ಅದು ಮತ್ತೆ ಹಾರುವುದು. ಹೀಗೆ ಇಡೀ ದಂಡೆ ಸುತ್ತಿ ಬಂದು ಮನೆಯಲ್ಲಿ ನೋಡಿದರೆ, ಮುನ್ನೂರು ಚಿತ್ರಗಳಲ್ಲೂ ಅಂಚಿನಿಂದ ಆಚೆ ಜಾರುತ್ತಿರುವ ಒಂದು ನೀಲಿ ಕಲೆ. ಒಂದು ದಿನ ಕೆಸರಿನಲ್ಲಿ ಜಾರಿ ಪಾದ ಉಳುಕಿ, ಎದ್ದು ನಿಲ್ಲಲಾರದೆ, ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆದು ಅಲ್ಲೇ ಕುಳಿತುಬಿಟ್ಟೆ. ಕಾಲು ಗಂಟೆ ಕಳೆದಿರಬೇಕು, ನಾನು ತಿಂಗಳಿಡೀ ಬೆನ್ನಟ್ಟಿದ್ದ ಆ ಮಿಂಚುಳ್ಳಿ ನನ್ನಿಂದ ಆರು ಹೆಜ್ಜೆ ದೂರದ ಒಣಕೊಂಬೆಯ ಮೇಲೆ ಬಂದು ಕುಳಿತಿತು!

ಜಿಪ್ ತೆಗೆದರೆ ಸದ್ದಾಗುತ್ತದೆಂದು ಕ್ಯಾಮೆರಾ ಮುಟ್ಟಲಿಲ್ಲ, ಸುಮ್ಮನೆ ನೋಡಿದೆ. ಹಕ್ಕಿ ನೀರನ್ನೇ ದಿಟ್ಟಿಸುತ್ತ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಥಟ್ಟನೆ ಕೆಳಗೆ ಬೀಳುತ್ತದೆ, ಮೀನಿನೊಡನೆ ಅದೇ ಕೊಂಬೆಗೆ ಮರಳುತ್ತದೆ, ಮೀನನ್ನು ಕೊಂಬೆಗೆ ಬಡಿದು, ತಲೆ ಮುಂದಾಗಿ ನುಂಗುತ್ತದೆ. ಕೊಂಬೆಯ ಕೆಳಗಿನ ಎಲೆಗಳ ಮೇಲೆ ಸುಣ್ಣ ಚೆಲ್ಲಿದಂತೆ ಹಿಕ್ಕೆಯ ಬಿಳಿ ಗೆರೆಗಳಿದ್ದವು. ಇದು ಅದರ ನಿತ್ಯದ ಪೀಠ ಎಂದು ಆ ಗೆರೆಗಳೇ ಸಾರುತ್ತಿದ್ದರೂ, ಒಂದು ತಿಂಗಳು ಆ ಕೊಂಬೆಯ ಪಕ್ಕದಲ್ಲೇ ಓಡಾಡಿದ ನನಗೆ ಅವು ಕಂಡಿರಲಿಲ್ಲ. ದಯವಿಟ್ಟು ಗಮನಿಸಿ, ಲೆನ್ಸ್ ಬದಲಾಗಿರಲಿಲ್ಲ, ಕೆರೆ ಬದಲಾಗಿರಲಿಲ್ಲ, ನಾನು ಕುಳಿತಿದ್ದೆ, ಅಷ್ಟೇ.

ಕಾಲು ಸರಿಯಾದ ಮೇಲೆ, ಬೆಳಕು ಹರಿಯುವ ಮೊದಲೇ ಹೋಗಿ ಅಲ್ಲೇ ಕೂರತೊಡಗಿದೆ. ಮೊದಲ ದಿನ, ನಸುಕಿನ ಬೆಳಕಿಗೆಂದು ಸೆಕೆಂಡಿನ 1/250ಕ್ಕೆ ಇಳಿಸಿದ್ದ ಷಟರ್ ವೇಗವನ್ನು, ಅಂದರೆ ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವ ವೇಗವನ್ನು, ಬಿಸಿಲು ಬಂದ ಮೇಲೆ ಏರಿಸಲು ಮರೆತು, ನೀರಿನ ಸಿಡಿತವನ್ನಷ್ಟೇ ಹಿಡಿದೆ. ಐದನೆಯ ದಿನ ಹಕ್ಕಿ ಮೀನು ಹಿಡಿದು ಬಂದು, ನನ್ನತ್ತ ತಿರುಗಿ ಕುಳಿತಿತು. ಎದೆಯ ಕಿತ್ತಳೆ ಬಣ್ಣ, ಕೊಕ್ಕಿನ ತುದಿಯಲ್ಲಿ ತೂಗುವ ನೀರಹನಿ, ಮೀನಿನ ಹೊಳೆಯುವ ಹೊಟ್ಟೆ, ಎಲ್ಲವೂ ಸಿಕ್ಕಿದವು. ಸುಮಾರು ಹತ್ತು ನಿಮಿಷ ಹಕ್ಕಿ ಕದಲಲಿಲ್ಲ, ಮೀನನ್ನು ನುಂಗಲೂ ಇಲ್ಲ. ನಾನೂ ನನ್ನ ಅದೃಷ್ಟವನ್ನು ಮೆಚ್ಚಿಕೊಳ್ಳುತ್ತ ಚಿತ್ರ ತೆಗೆಯುತ್ತಲೇ ಇದ್ದೆ.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ, ಮೀನಿನ ತಲೆ ಕೊಕ್ಕಿನ ಹೊರಗಡೆಗಿತ್ತು. ತಾನೇ ತಿನ್ನುವುದಾದರೆ ಮಿಂಚುಳ್ಳಿ ಮೀನಿನ ತಲೆಯನ್ನು ತನ್ನ ಗಂಟಲ ಕಡೆಗೆ ತಿರುಗಿಸಿಕೊಳ್ಳುತ್ತದೆ. ತಲೆ ಹೊರಗಿದ್ದರೆ ಆ ಮೀನು ಸಂಗಾತಿಗೆ, ಇಲ್ಲವೇ ಮರಿಗೆ. ಮರುದಿನ ಆಚೆ ದಂಡೆಯಿಂದ ದುರ್ಬೀನಿನಲ್ಲಿ ನೋಡಿದೆ. ನಾನು ಕೂರುತ್ತಿದ್ದ ಜಾಗದ ಪಕ್ಕದಲ್ಲೇ, ದಂಡೆಯ ಮಣ್ಣಿನ ಗೋಡೆಯಲ್ಲಿ ಅದರ ಗೂಡಿನ ಬಿಲವಿತ್ತು. ನನ್ನ ಅತ್ಯುತ್ತಮ ಚಿತ್ರವೆಂದು ನಾನು ಬೀಗಿದ್ದು, ಹಸಿದ ಮರಿಗಳ ಬಳಿಗೆ ಹೋಗಲು ದಾರಿ ಕಾಣದೆ ಕುಳಿತ ಹಕ್ಕಿಯ ಚಿತ್ರ. ಅದನ್ನು ಈವರೆಗೆ ಯಾವ ಪ್ರದರ್ಶನಕ್ಕೂ ಕಳಿಸಿಲ್ಲ. ಮರಿಗಳು ಹೊರಬಂದು ಹಾರುವವರೆಗೂ ಆಚೆ ದಂಡೆಯಲ್ಲೇ ಕುಳಿತೆ. ಹಾಗಾಗಿ, ಕುಳಿತುಕೊಳ್ಳಿ ಎನ್ನುವಾಗ ಎಲ್ಲಿ ಕೂರಬೇಕೆಂಬುದೂ ಆ ಮಾತಿನಲ್ಲೇ ಸೇರಿದೆ. ಬಾಯಲ್ಲಿ ಮೀನೋ ಹುಳುವೋ ಇರುವ ಹಕ್ಕಿ ನಿಮ್ಮನ್ನು ನೋಡುತ್ತ ಸುಮ್ಮನೆ ಕುಳಿತಿದ್ದರೆ, ನೀವು ಅದರ ದಾರಿಗೆ ಅಡ್ಡವಾಗಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಗೂಡು ಸರಿಯಾಗಿ ಕಾಣಲೆಂದು ಎಲೆ ಕೊಂಬೆಗಳನ್ನು ಕಿತ್ತು ಹಾಕುವವರಿದ್ದಾರೆ. ಆ ಎಲೆಗಳಿದ್ದದ್ದೇ ಬಿಸಿಲಿನಿಂದಲೂ ಕಾಗೆಗಳ ಕಣ್ಣಿನಿಂದಲೂ ಮರಿಗಳನ್ನು ಮರೆಮಾಡಲು ಎಂಬುದು ಅವರಿಗೆ ಯಾಕೆ ತಿಳಿಯುವುದಿಲ್ಲವೋ ನಾನರಿಯೆ.

ಮಿಂಚುಳ್ಳಿಯ ಕಥೆಯೇ ನನ್ನ ಸಮಯವನ್ನೆಲ್ಲ ನುಂಗಿತು, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಕೂತು ಕಾಯುವುದು ನಾನು ಕಂಡುಹಿಡಿದ ವಿದ್ಯೆಯಲ್ಲ. 1892ರಲ್ಲಿ ಮೊಟ್ಟೆಗಳಿರುವ ಹಕ್ಕಿಗೂಡಿನ ಚಿತ್ರ ತೆಗೆದ ಇಂಗ್ಲೆಂಡಿನ ಕಿಯರ್ಟನ್ ಸಹೋದರರು, ಮುಂದೆ ಟೊಳ್ಳಾದ ಎತ್ತಿನ ಬೊಂಬೆಯನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಅಡಗಿ ಹಕ್ಕಿಗಳಿಗಾಗಿ ಕಾಯುತ್ತಿದ್ದರು. ನಿಮಗೆ ಎತ್ತು ಬೇಕಾಗಿಲ್ಲ, ಮಾಸಲು ಬಣ್ಣದ ಅಂಗಿ ಮತ್ತು ಕೂರಲು ಒಂದು ಚಾಪೆ ಸಾಕು. ಕುಳಿತರೆ ಇನ್ನೊಂದು ಲಾಭವೂ ಉಂಟು. ಕ್ಯಾಮೆರಾ ತಾನಾಗಿ ನೀರಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಹಿನ್ನೆಲೆ ದೂರ ಸರಿದು ಮಂಜಿನಂತೆ ಕರಗುತ್ತದೆ. ಫೋಕಸ್ ಹಕ್ಕಿಯ ಕಣ್ಣಿನ ಮೇಲಿರಲಿ. ಕಣ್ಣು ಸ್ಪಷ್ಟವಾಗಿದ್ದು ಬಾಲ ಮಸುಕಾಗಿದ್ದರೆ ಯಾರೂ ದೂರುವುದಿಲ್ಲ. ಹಾರುವ ಹಕ್ಕಿಗೆ ಸೆಕೆಂಡಿನ 1/2000ರ ಷಟರ್ ವೇಗ ಇಟ್ಟುಕೊಳ್ಳಿ. ಬೆಳಕು ಸಾಲದಿದ್ದರೆ, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂಬುದರ ಅಳತೆಯಾದ ಐಎಸ್‌ಒ ಏರಿಸಲು ಅಂಜಬೇಡಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ. ಆದ್ದರಿಂದ ಗಾಳಿಯೂ ಸೂರ್ಯನೂ ನಿಮ್ಮ ಬೆನ್ನ ಹಿಂದಿರುವ ಜಾಗ ಹುಡುಕಿದರೆ, ಹಾರುವ ಹಕ್ಕಿ ಬೆಳಗಿದ ಮುಖದೊಡನೆ ನಿಮ್ಮತ್ತಲೇ ಬರುತ್ತದೆ. ಹಕ್ಕಿಯ ಧ್ವನಿಮುದ್ರಿಕೆ ಹಾಕಿ ಅದನ್ನು ಕರೆಯುವ ಚಾಳಿಯ ಬಗ್ಗೆ ಹೇಳಲು ಬಹಳವಿತ್ತು, ಸಮಯವಿಲ್ಲ. ಮಾಡಬೇಡಿ ಎಂದಷ್ಟೇ ಹೇಳುತ್ತೇನೆ.

ಈ ಭಾನುವಾರ ಹೊರಡುವವರು ಹತ್ತು ಕಡೆ ಸುತ್ತುವ ಯೋಜನೆ ಬಿಟ್ಟು, ಹಿಕ್ಕೆಯ ಬಿಳಿ ಗೆರೆಗಳಿರುವ ಒಂದು ಕೊಂಬೆಯನ್ನು ಹುಡುಕಿ, ಸುತ್ತಮುತ್ತ ಗೂಡಿಲ್ಲವೆಂದು ಖಚಿತ ಮಾಡಿಕೊಂಡು, ಅದರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಎರಡು ಗಂಟೆ ಕುಳಿತುಕೊಳ್ಳಿ. ಚೀಲದ ಜಿಪ್ ಮಾತ್ರ ಮೊದಲೇ ತೆಗೆದಿಟ್ಟಿರಿ. ನಮಸ್ಕಾರ.