ಮೂರು ಸ್ಥಾನಗಳ ಬಹುಮತ: 1974–79ರ ಬ್ರಿಟಿಷ್ ಸಂಸತ್ತು

ಎಲ್ಲರಿಗೂ ನಮಸ್ಕಾರ.

ಮೊದಲು ಲೆಕ್ಕ ನೋಡಿಬಿಡೋಣ. 1974ರ ಅಕ್ಟೋಬರ್ 10ರ ಚುನಾವಣೆಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನ 635 ಸ್ಥಾನಗಳ ಪೈಕಿ ಲೇಬರ್ ಪಕ್ಷಕ್ಕೆ ಸಿಕ್ಕಿದ್ದು 319. ಕನ್ಸರ್ವೇಟಿವ್ 277, ಲಿಬರಲ್ 13, ಸ್ಕಾಟಿಷ್ ನ್ಯಾಷನಲ್ ಪಾರ್ಟಿ 11, ವೇಲ್ಸ್‌ನ ಪ್ಲೈಡ್ ಕಮ್ರಿ 3, ಉತ್ತರ ಐರ್ಲೆಂಡಿನವರು 12. ಉಳಿದವರೆಲ್ಲ ಸೇರಿ 316. ಅಂದರೆ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಕೈಯಲ್ಲಿದ್ದದ್ದು ಮೂರು ಸ್ಥಾನಗಳ ಬಹುಮತ.

ಈ ಬಹುಮತ ಒಂದೂವರೆ ವರ್ಷ ಬಾಳಿತು. ಬಹುಮತ ಹೋದಮೇಲೆ ಸರ್ಕಾರ ಹೆಚ್ಚುಕಡಿಮೆ ಮೂರು ವರ್ಷ ಬಾಳಿತು! ಅದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ಕರಗಿದ್ದು ಹೀಗೆ. 1975ರ ಜೂನ್‌ನಲ್ಲಿ ವುಲಿಚ್ ವೆಸ್ಟ್ ಉಪಚುನಾವಣೆಯಲ್ಲಿ ಒಂದು ಸ್ಥಾನ ಹೋಯಿತು. 1976ರಲ್ಲಿ ಜಿಮ್ ಸಿಲ್ಲರ್ಸ್, ಜಾನ್ ರಾಬರ್ಟ್‌ಸನ್ ಹೊರನಡೆದು ಸ್ಕಾಟಿಷ್ ಲೇಬರ್ ಪಾರ್ಟಿ ಕಟ್ಟಿದರು. ಜಾನ್ ಸ್ಟೋನ್‌ಹೌಸ್ ಕಥೆ ಗೊತ್ತಿರಬಹುದು: ಮಯಾಮಿಯ ಕಡಲತೀರದಲ್ಲಿ ಬಟ್ಟೆ ಬಿಟ್ಟು, ಸತ್ತೆನೆಂದು ನಂಬಿಸಿ, ಆಸ್ಟ್ರೇಲಿಯಾದಲ್ಲಿ ಸಿಕ್ಕಿಬಿದ್ದವರು. 1976ರ ಏಪ್ರಿಲ್‌ನಲ್ಲಿ ಅವರೂ ಪಕ್ಷ ಬಿಟ್ಟರು. ವಿಲ್ಸನ್ ಜಾಗಕ್ಕೆ ಜೇಮ್ಸ್ ಕ್ಯಾಲಹನ್ ಪ್ರಧಾನಿಯಾಗಿ ಎರಡೇ ದಿನವಾಗಿತ್ತು. ನಮ್ಮಲ್ಲಿ 1985ರಿಂದ ಇರುವ ಪಕ್ಷಾಂತರ ನಿಷೇಧದಂಥ ಕಾನೂನು ಅಲ್ಲಿಲ್ಲ. ಪಕ್ಷ ಬಿಟ್ಟರೂ ಸದಸ್ಯತ್ವ ಉಳಿಯುತ್ತದೆ. ಮರುವರ್ಷ ರೆಜ್ ಪ್ರೆಂಟಿಸ್ ಮಂತ್ರಿಗಿರಿ ಬಿಟ್ಟ ಕೆಲವೇ ತಿಂಗಳಲ್ಲಿ ನೇರವಾಗಿ ಕನ್ಸರ್ವೇಟಿವ್ ಬೆಂಚಿಗೇ ಹೋಗಿ ಕೂತರು.

ಇನ್ನು ಸದನದಲ್ಲಿ ಮತದಾನ ನಡೆಯುವ ಬಗೆ. ಗುಂಡಿ ಒತ್ತುವುದಿಲ್ಲ, ಕೈ ಎತ್ತುವುದಿಲ್ಲ. ಗಂಟೆ ಬಾರಿಸುತ್ತದೆ, ಸದಸ್ಯರು ಎಂಟು ನಿಮಿಷದೊಳಗೆ ಬಂದು 'ಹೌದು' ಅಥವಾ 'ಅಲ್ಲ' ಲಾಬಿಯ (ಸದನದ ಪಕ್ಕದ ಮೊಗಸಾಲೆಯ) ಮೂಲಕ ನಡೆದು ಹೋಗಬೇಕು. ಬಾಗಿಲಲ್ಲಿ ಎರಡೂ ಕಡೆಯ ಎಣಿಕೆದಾರರು ತಲೆ ಎಣಿಸುತ್ತಾರೆ; ಎಣಿಸುವವರ ಮತ ಲೆಕ್ಕಕ್ಕಿಲ್ಲ. ಸಮ ಮತ ಬಿದ್ದಾಗ ಬಿಟ್ಟರೆ ಸ್ಪೀಕರ್ ಮತ್ತು ಅವರ ಮೂವರು ಉಪಾಧ್ಯಕ್ಷರೂ ಮತ ಹಾಕುವುದಿಲ್ಲ. ಹಾಗಾಗಿ ಸರ್ಕಾರಕ್ಕೆ ಬೇಕಾದ್ದು 318 ಅಲ್ಲ, ಎದುರಿನ ಲಾಬಿಗೆ ಹೋದವರಿಗಿಂತ ಒಂದು ತಲೆ ಹೆಚ್ಚು, ಅಷ್ಟೇ. ಎದುರಾಳಿಯೊಬ್ಬ ಮನೆಯಲ್ಲಿ ಉಳಿದರೆ ಅಂತರ ಒಂದು ಬದಲಾಗುತ್ತದೆ, ನಿಮ್ಮ ಕಡೆ ಬಂದರೆ ಎರಡು. ಸಚೇತಕರ ಇಡೀ ಕಸುಬು ಈ ಗಣಿತದ ಮೇಲೆ ನಿಂತಿದೆ.

ಗೈರುಹಾಜರಿಯನ್ನು ನಿಭಾಯಿಸಲು ಎರಡು ಪದ್ಧತಿಗಳಿದ್ದವು. ಒಂದು, ಜೋಡಿ: ಈ ಪಕ್ಷದ ಒಬ್ಬ ಬರಲಾಗದಿದ್ದರೆ ಆ ಪಕ್ಷದ ಒಬ್ಬನೂ ಮತ ಹಾಕುವುದಿಲ್ಲ. ಇದು ಬಾಯಿಮಾತಿನ ಒಪ್ಪಂದ, ನಿಯಮಾವಳಿಯಲ್ಲಿಲ್ಲ. ಇನ್ನೊಂದು, ಕಾಯಿಲೆಯವರನ್ನು ಆವರಣದೊಳಗೆ ಆಂಬುಲೆನ್ಸ್‌ನಲ್ಲಾದರೂ ಕರೆತಂದರೆ, ಲಾಬಿಯಲ್ಲಿ ನಡೆಯದಿದ್ದರೂ ಅವರ ಮತ ಎಣಿಸುತ್ತಾರೆ.

ಜೋಡಿ ಮುರಿದರೆ ಏನಾಗುತ್ತದೆ? 1976ರ ಮೇ 27ರ ರಾತ್ರಿ ನೋಡಿ. ವಿಮಾನ ಮತ್ತು ಹಡಗು ಕಾರ್ಖಾನೆಗಳ ರಾಷ್ಟ್ರೀಕರಣ ಮಸೂದೆ. ವಿರೋಧಪಕ್ಷದ ತಿದ್ದುಪಡಿಗೆ 303–303. ಸ್ಪೀಕರ್ ಜಾರ್ಜ್ ಥಾಮಸ್ ಸಂಪ್ರದಾಯದಂತೆ ತಿದ್ದುಪಡಿಯ ವಿರುದ್ಧ ಮತ ಹಾಕಿದರು. ಮುಂದಿನ ಮತದಲ್ಲಿ ಸರ್ಕಾರಕ್ಕೆ 304–303. ಆ ಒಂದು ಮತ ಜೋಡಿ ಮುರಿದು ಬಂದದ್ದು ಎಂದು ಕನ್ಸರ್ವೇಟಿವರು ಕೆಂಡವಾದರು; ಮೈಕೆಲ್ ಹೆಸೆಲ್ಟೈನ್ ಸದನದ ರಾಜದಂಡವನ್ನೇ ಎತ್ತಿಕೊಂಡರು. ಜೋಡಿ ಒಪ್ಪಂದ ಕೆಲಕಾಲ ನಿಂತೇಹೋಯಿತು. ಆಮೇಲೆ ಜ್ವರ ಬಂದವರಿಗೂ ರಜೆಯಿಲ್ಲ.

1977ರ ಮಾರ್ಚ್‌ನಲ್ಲಿ ವಿರೋಧಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಅವಿಶ್ವಾಸ ನಿರ್ಣಯ ತಂದಾಗ ಕ್ಯಾಲಹನ್ ಲಿಬರಲ್ ನಾಯಕ ಡೇವಿಡ್ ಸ್ಟೀಲ್ ಜೊತೆ ಒಪ್ಪಂದ ಮಾಡಿಕೊಂಡರು. ಮಂತ್ರಿಗಿರಿ ಕೊಡಲಿಲ್ಲ, ಸಮಾಲೋಚನಾ ಸಮಿತಿ ಮಾತ್ರ. ಸರ್ಕಾರ 322–298ರಿಂದ ಉಳಿಯಿತು. ನನ್ನ ದೃಷ್ಟಿಯಲ್ಲಿ ಲಿಬರಲರು ಬಹಳ ಅಗ್ಗಕ್ಕೆ ಹೋದರು. 1978ರಲ್ಲಿ ಒಪ್ಪಂದ ಮುಗಿದ ಮೇಲೆ ಪ್ರತಿ ಮತಕ್ಕೂ ಬೇರೆ ಬೇರೆ ಬೆಲೆ.

ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಅಂಥದ್ದೊಂದು ಬೆಲೆ. ಲೇಬರ್‌ನವರೇ ಆದ ಜಾರ್ಜ್ ಕನಿಂಗ್‌ಹ್ಯಾಮ್ ಅದರಲ್ಲೊಂದು ಮುಳ್ಳು ಸೇರಿಸಿದ್ದರು: ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನ ಒಟ್ಟು ಮತದಾರರಲ್ಲಿ ಶೇ. 40ರಷ್ಟು ಜನ 'ಹೌದು' ಅನ್ನಬೇಕು. 1979ರ ಮಾರ್ಚ್ 1ರಂದು ಮತ ಹಾಕಿದವರಲ್ಲಿ ಶೇ. 51.6 ಹೌದೆಂದರು; ಒಟ್ಟು ಮತದಾರರ ಲೆಕ್ಕದಲ್ಲಿ ಅದು ಶೇ. 32.9. ಯೋಜನೆ ಬಿತ್ತು, ಸ್ಕಾಟಿಷ್ ನ್ಯಾಷನಲಿಸ್ಟರು ತಿರುಗಿಬಿದ್ದರು.

ಮಾರ್ಚ್ 28. ಅವಿಶ್ವಾಸ ನಿರ್ಣಯ. ಕಲ್ಲುಗಣಿ ಕೆಲಸಗಾರರ ಶ್ವಾಸಕೋಶದ ಕಾಯಿಲೆಗೆ ಪರಿಹಾರದ ಭರವಸೆ ಕೊಟ್ಟು ಪ್ಲೈಡ್ ಕಮ್ರಿಯ ಮೂವರನ್ನು ಸೆಳೆದದ್ದಾಯಿತು. ಉತ್ತರ ಐರ್ಲೆಂಡಿನ ಸ್ಥಾನಗಳನ್ನು 12ರಿಂದ 17ಕ್ಕೆ ಏರಿಸಿದ್ದರಿಂದ ಸಿಕ್ಕಿದ್ದು ಎರಡೇ ಯೂನಿಯನಿಸ್ಟ್ (ಬ್ರಿಟನ್ ಜೊತೆಗೇ ಉಳಿಯಬೇಕೆನ್ನುವವರ) ಮತ. ಯಾರ್ಕ್‌ಷೈರಿನ ಸದಸ್ಯ ಆಲ್ಫ್ರೆಡ್ ಬ್ರೌಟನ್ ಮರಣಶಯ್ಯೆಯಲ್ಲಿದ್ದರು. ಆಂಬುಲೆನ್ಸ್‌ನಲ್ಲಿ ತಂದರೆ ದಾರಿಯಲ್ಲೇ ಜೀವ ಹೋದೀತೆಂಬ ಭಯಕ್ಕೆ ಕ್ಯಾಲಹನ್ ಬೇಡವೆಂದರು. ಲೇಬರ್ ಸಚೇತಕ ವಾಲ್ಟರ್ ಹ್ಯಾರಿಸನ್ ಕನ್ಸರ್ವೇಟಿವ್ ಸಚೇತಕ ಬರ್ನಾರ್ಡ್ ವೆದರಿಲ್ ಬಳಿ ಜೋಡಿ ಕೇಳಿದರು. ಇಂಥ ಮತಕ್ಕೆ ಜೋಡಿ ಸಲ್ಲದು, ಆದರೆ ಮಾತು ಉಳಿಸಲು ನಾನೇ ಮತ ಹಾಕದೆ ಕೂರುತ್ತೇನೆ ಎಂದರು ವೆದರಿಲ್. ಹಾಗೆ ಮಾಡಿದ್ದರೆ ಅವರ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು. ಹ್ಯಾರಿಸನ್ ಅವರನ್ನು ಆ ಮಾತಿನಿಂದ ಬಿಡಿಸಿದರು.

ಫಲಿತಾಂಶ 311–310. ಸರ್ಕಾರ ಬಿತ್ತು.

ಬ್ರೌಟನ್ ಬಂದಿದ್ದರೆ 311–311 ಆಗಿ, ಸ್ಪೀಕರ್ ನಿರ್ಣಯದ ವಿರುದ್ಧ ನಿಂತು ಸರ್ಕಾರ ಉಳಿಯುತ್ತಿತ್ತು ಎಂದು ಅನೇಕರು ಹೇಳುತ್ತಾರೆ. ಲೆಕ್ಕ ಸರಿಯೇ. ಆದರೆ ಆ ರಾತ್ರಿ ಉತ್ತರ ಐರ್ಲೆಂಡಿನ ಇಬ್ಬರು ರಾಷ್ಟ್ರೀಯವಾದಿಗಳೂ (ಐರ್ಲೆಂಡ್ ಒಂದಾಗಬೇಕೆನ್ನುವವರು) ಮತ ಹಾಕದೆ ಉಳಿದರು. ಎಷ್ಟೋ ಬಾರಿ ಸರ್ಕಾರದ ಕೈಹಿಡಿದಿದ್ದ ಗೆರ್ರಿ ಫಿಟ್ ಒಬ್ಬರು. ಇಷ್ಟು ದೂರ ಬಂದದ್ದು ಮತ ಹಾಕದಿರಲಿಕ್ಕೇ ಎಂಬಂತೆ ಬಂದು ಹೋದ ಫ್ರಾಂಕ್ ಮಗ್ವಾಯರ್ ಇನ್ನೊಬ್ಬರು. ಯೂನಿಯನಿಸ್ಟರಿಗೆ ಕೊಟ್ಟ ಆ ಐದು ಸ್ಥಾನಗಳ ಮೇಲಿನ ಸಿಟ್ಟು ಫಿಟ್ ಅವರ ಭಾಷಣದಲ್ಲೇ ಇದೆ. ಎರಡು ಮತ ಕೊಳ್ಳಲು ಕೊಟ್ಟ ಬೆಲೆಯೇ ಎರಡು ಮತ ಕಳೆಯಿತು.