ಮೊಮ್ಮಕ್ಕಳ ಜೊತೆ ಹಳ್ಳದಲ್ಲಿ ಗರಿ ಗಾಳ

ನೋಡಿ, ಇದು ಕೊರಟಗೆರೆ ಕಡೆ ಒಂದು ಸಣ್ಣ ಹಳ್ಳ, ಮುಂದೆ ಹೋಗಿ ಜಯಮಂಗಲಿ ನದಿಗೆ ಸೇರುತ್ತೆ. ಜಯಮಂಗಲಿ ಹುಟ್ಟೋದು ದೇವರಾಯನದುರ್ಗದ ಬೆಟ್ಟದಲ್ಲಿ, ಕೊರಟಗೆರೆ ಮಧುಗಿರಿ ದಾಟಿ ಆಂಧ್ರದ ಕಡೆ ಉತ್ತರ ಪಿನಾಕಿನಿಗೆ ಕೂಡ್ಕೊಳ್ಳುತ್ತೆ. ಬೇಸಿಗೇಲಿ ಬಂದ್ರೆ ಬರೀ ಮರಳು, ಸೆಪ್ಟೆಂಬರ್ ಅಕ್ಟೋಬರ್ ಮಳೆ ಚೆನ್ನಾಗಿ ಹಿಡೀತು ಅಂದ್ರೆ ಹಿಂಗೆ ಮೊಣಕಾಲುದ್ದ ತಿಳಿನೀರು.

ನಮ್ಮ ಮಕ್ಕಳಿಗೆ ಇಷ್ಟು ನೀರೇ ಸರಿ. ದೊಡ್ಡ ಕೆರೆ ಅಂದ್ರೆ ಆಳದ ಭಯ, ಮೀನಿನ ಟೆಂಡರ್ ಯಾರೋ ತಗೊಂಡಿರ್ತಾರೆ ಅವರನ್ನ ಕೇಳ್ಬೇಕು, ಜೊತೆಗೆ ಬೆಂಡು ಯಾವಾಗ ಮುಳುಗುತ್ತೆ ಅಂತ ಗಂಟೆಗಟ್ಲೆ ಕೂತಿರೋಕೆ ಏಳು ವರ್ಷದ ಮಗು ಕೈಲಿ ಆಗುತ್ತಾ? ಇಲ್ಲಿ ಈ ಹಳ್ಳದಲ್ಲಾದ್ರೆ ಮೀನು ಕಣ್ಣಿಗೇ ಕಾಣುತ್ತೆ.

ಇದು ನಮ್ಮ ಗಾಳ. ಎರೆಹುಳ ಇಲ್ಲ, ನಾಟಿ ಹುಂಜದ ಕತ್ತಿನ ಗರಿನ ಸಣ್ಣ ಕೊಕ್ಕೆಗೆ ಹೊಲಿಗೆ ದಾರದಲ್ಲಿ ಸುತ್ತಿ ಕಟ್ಟಿರೋದು, ನೀರ ಮೇಲೆ ಬಿದ್ರೆ ಥೇಟ್ ಹುಳದ ಥರ ಕಾಣುತ್ತೆ, ಇದಕ್ಕೇ ಫ್ಲೈ ಅನ್ನೋದು. ಫ್ಲೈಗೆ ತೂಕ ಇರಲ್ಲ, ಅದಕ್ಕೆ ಹೊರದೇಶದಲ್ಲಿ ದಪ್ಪ ಲೈನ್ ಹಾಕಿ ಆ ಲೈನ್ ತೂಕದಲ್ಲೇ ಬೀಸ್ತಾರೆ, ರೀಲು ರಾಡು ಅಂತ ದುಡ್ಡೂ ಜಾಸ್ತಿ. ಆದ್ರೆ ಜಪಾನಿನ ಬೆಟ್ಟದ ಹಳ್ಳಗಳಲ್ಲಿ ತೆಂಕಾರ ಅಂತ ಒಂದು ಪದ್ಧತಿ ಇದೆ, ರೀಲೇ ಇಲ್ಲ, ಕೋಲಿನ ತುದಿಗೇ ದಾರ. ಅದನ್ನ ನೋಡಿದಾಗ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ನಮ್ಮೂರ ಬಿದಿರು ಗಾಳದ ಕೋಲೂ ಹಂಗೇ ಅಲ್ವಾ! ಮಕ್ಕಳಿಗೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಕೊಕ್ಕೆಯ ಮುಳ್ಳನ್ನ ಮಾತ್ರ ಇಕ್ಕಳದಲ್ಲಿ ಅಮುಕಿಬಿಡ್ತೀನಿ, ಮೀನು ಬಿಡಿಸೋದು ಸಲೀಸು, ಮಕ್ಕಳ ಬೆರಳಿಗೆ ಚುಚ್ಚಿದ್ರೂ ಸಲೀಸಾಗಿ ಬರುತ್ತೆ.

ಈಗ ಮೊಮ್ಮಗಳನ್ನ ನೋಡಿ, ಬಗ್ಗಿ ಬಗ್ಗಿ ಹಿಂದಿನಿಂದ ಬರ್ತಾಳೆ. ಮೀನು ಹೆಚ್ಚಾಗಿ ನೀರು ಬರೋ ಕಡೆಗೇ ಮುಖ ಮಾಡಿ ನಿಂತಿರುತ್ತೆ, ಅದಕ್ಕೆ ಕೆಳಗಡೆಯಿಂದ ಮೇಲಕ್ಕೆ ಹೋಗ್ಬೇಕು, ನೆರಳು ಬೀಳಿಸ್ಬಾರ್ದು, ದಪ್ ದಪ್ ಅಂತ ಕಾಲಿಡ್ಬಾರ್ದು, ಮೈ ಪಕ್ಕದಲ್ಲಿರೋ ಗೆರೆಯಲ್ಲೇ ಅದಕ್ಕೆ ಅದುರು ಗೊತ್ತಾಗುತ್ತೆ. ಇದೆಲ್ಲಾ ನಾನು ಹೇಳಿಕೊಟ್ಟಿದ್ದೇ, ಆದ್ರೆ ಈ ಬಂಡೆ ಹಿಂದೆ ನೀರು ಸುತ್ತೋ ಜಾಗ ಇದ್ಯಲ್ಲ, ಅದನ್ನ ಹುಡುಕಿದ್ದು ಅವಳೇ. ಮೊನ್ನೆ ಮಳೆ ನಿಂತ ಮೇಲೆ ಈಸಲು ಹುಳ ಎದ್ದು ರೆಕ್ಕೆ ಉದುರಿಸ್ಕೊಂಡು ನೀರಿಗೆ ಬೀಳ್ತಿದ್ವು, ಒಂದೊಂದು ಬಿದ್ದಾಗ್ಲೂ ಕೆಳಗಿಂದ ಸಣ್ಣ ಬಾಯಿ ಬಂದು ಚಕ್ ಅಂತ ಎಳ್ಕೊಳ್ಳೋದು, ಉಂಗುರ ಹರಡೋದು, ಅಷ್ಟೇ. "ತಾತ, ಅಲ್ಲೇ ಹಾಕ್ಲಾ?" ಅಂತ ಕೇಳಿದ್ಲು, ಹಾಕು ಅಂದೆ.

ಬಂತು! ಬೆರಳುದ್ದದ ಪಕ್ಕೆ ಮೀನು. ಕೈ ಒದ್ದೆ ಮಾಡ್ಕೊಂಡೇ ಹಿಡೀಬೇಕು, ಒಣ ಕೈ ತಾಕಿದ್ರೆ ಮೈಮೇಲಿನ ಲೋಳೆ ಹೋಗಿಬಿಡುತ್ತೆ. ಪಕ್ಕದಲ್ಲಿರೋ ಕಪ್ಪು ಚುಕ್ಕೆನ ಮೊಮ್ಮಗಳು ಮೊಮ್ಮಗ ಇಬ್ರೂ ನೋಡಿದ್ರು, ಆಮೇಲೆ ಅವಳು ಬಿಟ್ಬಿಟ್ಲು. ಮೊಮ್ಮಗನಿಗೆ ಒಂದು ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ, ಸಿಕ್ತು, ಅದನ್ನ ಬಿಡಲ್ಲ, ಅದು ನಮ್ಮ ನೀರಿಂದಲ್ಲ, ಆಫ್ರಿಕಾದಿಂದ ತಂದು ಬಿಟ್ಟಿದ್ದು, ಹುರಿದ್ರೆ ರುಚಿನೂ ಇದೆ.

ಹಳ್ಳ ಬತ್ತಿ ಗುಂಡಿಗಳಲ್ಲಿ ಮಾತ್ರ ನೀರು ಉಳಿಯೋ ಹೊತ್ತಿಗೆ ನಾವು ಬರೋದು ನಿಲ್ಲಿಸ್ತೀವಿ, ಮೀನೆಲ್ಲಾ ಅಲ್ಲೇ ಗುಂಪಾಗಿರುತ್ತೆ, ಆಗ ಹಿಡಿದ್ರೆ ಮುಂದಿನ ಮಳೆಗೆ ಏನೂ ಇರಲ್ಲ. ಅಷ್ಟರೊಳಗೆ ಇನ್ನೂ ಬರೋದಿದೆ, ಮೊಮ್ಮಗಳಿಗೆ ಅವಳದೇ ಕೋಲು ಬೇಕಂತೆ, ಬಿದಿರು ಕಡಿದು ನೆರಳಲ್ಲಿ ಒಣಗೋಕೆ ಇಟ್ಟಿದೀನಿ.